ಹಗ್ಗದ ಆ ತುದಿ

ದಸರೆಗೆ ಇನ್ನೂ ಕೆಲವು ವಾರ ಇರುವಾಗಲೇ ಮೈಸೂರಿನಲ್ಲಿ ಫಿರಂಗಿ ಗುಡುಗತೊಡಗುತ್ತದೆ. ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುವಾಗ ಆನೆ, ಕುದುರೆಗಳು ಬೆದರಬಾರದೆಂದು ಮೊದಲೇ ನಡೆಸುವ ತಾಲೀಮು ಅದು. ಆನೆಗೆ ಮಾವುತ, ಕಾವಾಡಿ ಇರುತ್ತಾರೆ, ಬೆನ್ನು ಸವರಿ ಧೈರ್ಯ ಹೇಳುತ್ತಾರೆ. ಸುತ್ತಲಿನ ಬೀದಿಗಳ ಸಾಕುನಾಯಿಗಳಿಗೆ ಆ ಭಾಗ್ಯವಿಲ್ಲ. ಅಂಥ ಒಂದು ದಿನ ಇಟ್ಟಿಗೆಗೂಡಿನಲ್ಲಿ ಗೆಳೆಯರೊಬ್ಬರ ಮುಧೋಳ ನಾಯಿಯ ಜೊತೆ ನಾನೂ ಹೆಜ್ಜೆ ಹಾಕುತ್ತಿದ್ದೆ. ಮೊದಲ ತೋಪಿಗೆ ನಾಯಿ ಥಟ್ಟನೆ ನಿಂತಿತು. ಎರಡನೆಯದಕ್ಕೆ ತಲೆ ತಗ್ಗಿಸಿತು, ಕಿವಿಯನ್ನು ಹಿಂದಕ್ಕೆ ಅಂಟಿಸಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಗೆಳೆಯರ ಕೈಯಲ್ಲಿ ಚೈನು, ಚೈನಿನ ತುದಿಯಲ್ಲಿ ಬೆಲ್ಟು, ಬೆಲ್ಟಿನೊಳಗೆ ಬರೀ ಗಾಳಿ. ಸಂಜೆಯ ಹೊತ್ತಿಗೆ ಅದು ತಾನಾಗಿಯೇ ಮನೆಗೆ ಬಂತು ಎನ್ನಿ.

ಚೈನು ಗಟ್ಟಿಯಾಗಿಯೇ ಇತ್ತು. ಅದರಲ್ಲಿ ಎಮ್ಮೆ ಕಟ್ಟಬಹುದಿತ್ತು. ನಾಯಿಗೆ ಹಗ್ಗ ಕೊಳ್ಳಲು ಹೋದವರು ಅದನ್ನೇ ಎಳೆದು, ಜಗ್ಗಿ, ಗಟ್ಟಿ ನೋಡಿ ತರುತ್ತಾರೆ. ಹಗ್ಗದ ಆ ತುದಿ ನಾಯಿಯ ಮೈಯಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ನೋಡುವವರು ಕಡಿಮೆ. ವಿಜ್ಞಾನವೆಲ್ಲ ಇರುವುದು ಆ ತುದಿಯಲ್ಲಿ.

ಮುಧೋಳ ಓಡಿ ಬೇಟೆಯಾಡುವ ತಳಿ. ಬಾಗಲಕೋಟೆ ಜಿಲ್ಲೆಯ ಈ ನಾಯಿಯ ಚಿತ್ರವನ್ನು 2005ರಲ್ಲಿ ಅಂಚೆ ಇಲಾಖೆ ಚೀಟಿಯ ಮೇಲೂ ಅಚ್ಚು ಹಾಕಿತು. ಆ ಚಿತ್ರವನ್ನೇ ಗಮನಿಸಿದರೂ ಸಾಕು: ಉದ್ದನೆಯ ಕಿರಿದಾದ ತಲೆಬುರುಡೆ, ಅದಕ್ಕಿಂತ ದಪ್ಪವಾದ, ಮಾಂಸಖಂಡ ತುಂಬಿದ ಕತ್ತು. ಲ್ಯಾಬ್ರಡಾರಿನ ತಲೆ ದಪ್ಪ, ಬೆಲ್ಟು ಕಿವಿಯ ಹಿಂದೆಯೇ ತಡೆದು ನಿಲ್ಲುತ್ತದೆ. ಮುಧೋಳದ ತಲೆ ಬಾಣದ ಮೊನೆಯಂಥದು, ಹಿಮ್ಮುಖವಾಗಿ ನಡೆದರೆ ಬೆಲ್ಟು ಜಾರದೆ ಇನ್ನೇನಾದೀತು? ಹಾಗೆಂದು ಬಿಗಿಯಾಗಿ ಕಟ್ಟಿದರೆ ಉಸಿರು ಕಟ್ಟುತ್ತದೆ. ಇಂಥ ತಳಿಗಳಿಗಾಗಿಯೇ ಮಾರ್ಟಿಂಗೇಲ್ ಎಂಬ ಅಗಲ ಬೆಲ್ಟು ಇದೆ. ಅದರಲ್ಲಿ ಎರಡು ಕುಣಿಕೆ. ಎಳೆತ ಬಿದ್ದಾಗ ಚಿಕ್ಕ ಕುಣಿಕೆ ದೊಡ್ಡದನ್ನು ಒಂದು ಮಿತಿಯವರೆಗೆ ಬಿಗಿ ಮಾಡಿ ಅಲ್ಲಿಗೇ ನಿಲ್ಲುತ್ತದೆ, ನೇಣಿನ ಹಾಗೆ ಬಿಗಿಯುತ್ತಲೇ ಹೋಗುವುದಿಲ್ಲ.

ಇನ್ನು ಕತ್ತಿನ ಒಳಗೇನಿದೆ ನೋಡಿ. ಶ್ವಾಸನಾಳ, ಅನ್ನನಾಳ, ಥೈರಾಯ್ಡ್ ಗ್ರಂಥಿ, ಮಿದುಳಿಗೆ ರಕ್ತ ಒಯ್ಯುವ ಮತ್ತು ಅಲ್ಲಿಂದ ತರುವ ನಾಳಗಳು ಎಲ್ಲವೂ ಆ ಅಂಗೈ ಅಗಲದ ಜಾಗದಲ್ಲಿ. ಶ್ವಾಸನಾಳವನ್ನು ಎತ್ತಿ ಹಿಡಿದಿರುವ ಮೃದ್ವಸ್ಥಿಯ ಉಂಗುರಗಳು ಪೂರ್ಣ ವೃತ್ತವೂ ಅಲ್ಲ, ಒಂದು ಬದಿಗೆ ಬಾಯಿ ತೆರೆದ ಬಳೆಗಳು. ಪೊಮೇರಿಯನ್‌ನಂಥ ಪುಟ್ಟ ತಳಿಗಳಲ್ಲಿ ಈ ಬಳೆಗಳು ಸಡಿಲಾಗಿ ನಾಳ ಚಪ್ಪಟೆಯಾಗುವ ಕಾಯಿಲೆ ಸಾಮಾನ್ಯ. ಬೆಲ್ಟು ಎಳೆದಾಗಲೆಲ್ಲ ಬಾತುಕೋಳಿಯಂತೆ ಕೆಮ್ಮುವ ಪೊಮೇರಿಯನ್‌ಗಳನ್ನು ನೀವೂ ಕೇಳಿರುತ್ತೀರಿ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಾಯಿ ಕತ್ತಿನ ಬೆಲ್ಟಿನ ವಿರುದ್ಧ ಎಳೆದಾಗ ಕಣ್ಣುಗುಡ್ಡೆಯೊಳಗಿನ ಒತ್ತಡ ಏರಿತು, ಅದೇ ನಾಯಿ ಎದೆಪಟ್ಟಿ ತೊಟ್ಟು ಎಳೆದಾಗ ಏರಲಿಲ್ಲ. ಗುಡ್ಡೆಗಣ್ಣಿನ ಪಗ್ ಸಾಕಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. 2020ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ಟ್ರೆಂಟ್ ವಿಶ್ವವಿದ್ಯಾಲಯದವರು ಕೃತಕ ಕತ್ತೊಂದನ್ನು ಮಾಡಿ ಬಗೆಬಗೆಯ ಬೆಲ್ಟು ಕಟ್ಟಿ ಎಳೆದು ನೋಡಿದರು. ಮೆತ್ತೆ ಹಾಕಿದ್ದೂ ಸೇರಿದಂತೆ, ಜಗ್ಗಿದಾಗ ಕತ್ತಿಗೆ ಅಪಾಯವಿಲ್ಲ ಎನ್ನಬಹುದಾದ ಬೆಲ್ಟು ಒಂದೂ ಸಿಗಲಿಲ್ಲ.

ಸರಿ, ಹಾಗಾದರೆ ಅಂಗಡಿಯವರು ಹಾರ್ನೆಸ್ ಎನ್ನುವ ಎದೆಪಟ್ಟಿ ತಂದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಅದಕ್ಕೆ ಅರಮನೆಯ ಮುಂದೆ ನಿಲ್ಲುವ ಟಾಂಗಾಗಳ ಬಳಿ ಒಂದು ನಿಮಿಷ ನಿಲ್ಲಬೇಕು. ಕುದುರೆ ಗಾಡಿಯನ್ನು ಎಳೆಯುವುದು ಎದೆ, ಹೆಗಲ ಮೇಲೆ ಕೂತ ಪಟ್ಟಿಯಿಂದ. ತಿರುಗುವುದು ಬಾಯಿಯ ಕಡಿವಾಣದಿಂದ. ಎಂಜಿನ್ ಒಂದು ಕಡೆ, ಸ್ಟಿಯರಿಂಗ್ ಇನ್ನೊಂದು ಕಡೆ. ನಮ್ಮ ರೈತರಿಗೂ ಇದು ಗೊತ್ತು: ನೊಗ ಎತ್ತಿನ ಹೆಗಲಿಗೆ, ಹಗ್ಗ ಮೂಗುದಾರಕ್ಕೆ. ಯಾರೂ ನೊಗವನ್ನು ಗಂಟಲಿಗೆ ಕಟ್ಟಿ ಉಳಲಿಲ್ಲ.

ಈ ಲೆಕ್ಕವನ್ನು ನಾಯಿಗೆ ಹಚ್ಚಿ. ಬೆನ್ನ ಮೇಲೆ ಕೊಂಡಿ ಇರುವ ಹಾರ್ನೆಸ್ ತೊಡಿಸಿದರೆ ಅದು ಟಾಂಗಾ ಕುದುರೆ, ಹಿಂದೆ ಗಾಡಿಯಾಗಿ ನೀವು. ಹಿಮದ ನಾಡುಗಳಲ್ಲಿ ಜಾರುಬಂಡಿ ಎಳೆಸಲು ನಾಯಿಗೆ ಕಟ್ಟುವುದೂ ಇದೇ ತತ್ತ್ವದ ಪಟ್ಟಿಯನ್ನೇ. ಗಂಟಲು ನೋಯದೆ ಮೈಭಾರವೆಲ್ಲ ಹಾಕಿ ಎಳೆಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎಳೆಯುವ ಚಾಳಿ ಇಲ್ಲದ ಪುಟ್ಟ ನಾಯಿಗೆ ಇದು ಸರಿ. ಕೊಂಡಿ ಎದೆಯ ಮುಂದಿದ್ದರೆ ಕಥೆ ಬೇರೆ: ನಾಯಿ ಮುನ್ನುಗ್ಗಿದೊಡನೆ ಹಗ್ಗ ಅದನ್ನು ಪಕ್ಕಕ್ಕೆ ತಿರುಗಿಸುತ್ತದೆ, ಎಳೆಯಲು ಹೋದವನು ಮಾಲೀಕನ ಮುಖ ನೋಡುತ್ತ ನಿಲ್ಲುತ್ತಾನೆ. ಮೂತಿಗೆ ಹಾಕುವ ಪಟ್ಟಿಯೂ ಇದೆ, ನಾಯಿಯ ಮೂಗುದಾರ ಎನ್ನೋಣ. ತಲೆ ತಿರುಗಿದತ್ತ ಮೈ ತಿರುಗುತ್ತದೆ, ಕಡಿಮೆ ಬಲ ಸಾಕು. ಆದರೆ ಹಾಗೆ ಕಟ್ಟಿ ಒಮ್ಮೆ ಜೋರಾಗಿ ಜಗ್ಗಿದರೆ ಕತ್ತು ತಿರುಚಿಕೊಳ್ಳುತ್ತದೆ, ಕೈ ಮೃದುವಿಲ್ಲದವರು ಅದರ ಗೊಡವೆಗೆ ಹೋಗದಿರುವುದೇ ಮೇಲು.

ಎದೆಪಟ್ಟಿ ಕೊಳ್ಳುವಾಗ ಇನ್ನೊಂದು ಸಂಗತಿ. ನಮ್ಮ ಹೆಗಲಿಗೆ ಆಧಾರವಾಗಿರುವ ಕೊರಳೆಲುಬು ನಾಯಿಯಲ್ಲಿ ಹೆಸರಿಗಷ್ಟೇ ಉಳಿದಿದೆ. ಮುಂಗಾಲುಗಳು ಮುಂಡಕ್ಕೆ ಕೀಲಿನಿಂದ ಸೇರಿಲ್ಲ, ಬರೀ ಸ್ನಾಯುಗಳಲ್ಲಿ ತೂಗುತ್ತಿವೆ. ನಾಯಿ ಅಷ್ಟು ಉದ್ದ ಹೆಜ್ಜೆ ಚಾಚುವುದು ಈ ಸಡಿಲಿಕೆಯಿಂದಲೇ. ಪಟ್ಟಿ ಹೆಗಲಿಗೆ ಅಡ್ಡಡ್ಡವಾಗಿ ಬಂದರೆ ಆ ಚಾಚುವಿಕೆಗೆ ತಡೆ. ಇಂಗ್ಲಿಷಿನ ವೈ ಅಕ್ಷರದಂತೆ ಎದೆಮೂಳೆಯ ಮೇಲೆ ಕೂಡಿ ಕಾಲುಗಳ ನಡುವೆ ಇಳಿಯುವ ಪಟ್ಟಿ ವಾಸಿ.

ಈಗ ಉದ್ದದ ಮಾತು. 25 ಕಿಲೋ ತೂಕದ ನಾಯಿ ಬೆಕ್ಕನ್ನು ಕಂಡು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಜಿಗಿಯಿತೆನ್ನಿ. ಅದರ ಚಲನಶಕ್ತಿ ಸುಮಾರು 312 ಜೂಲ್. ಹಗ್ಗ ಬಿಗಿಯಾಗಿ ಅದು 10 ಸೆಂಟಿಮೀಟರಿನೊಳಗೆ ನಿಂತರೆ ಬೀಳುವ ಸರಾಸರಿ ಎಳೆತ 320 ಕಿಲೋ ಭಾರಕ್ಕೆ ಸಮ. ನಿಮ್ಮ ತೋಳು ಮುಂದೆ ಚಾಚಿ, ಹಗ್ಗವೂ ತುಸು ಹಿಗ್ಗಿ ಅರ್ಧ ಮೀಟರಿನಲ್ಲಿ ನಿಂತರೆ 64 ಕಿಲೋ. ಕಬ್ಬಿಣದ ಚೈನು ಹಿಗ್ಗುವುದಿಲ್ಲ, ಅದಕ್ಕೇ ಅದು ಕೆಟ್ಟದ್ದು. ಹಗ್ಗ ಉದ್ದವಾದಷ್ಟೂ ನಾಯಿಗೆ ವೇಗ ಕೂಡಿಸಿಕೊಳ್ಳಲು ಜಾಗ ಸಿಗುತ್ತದೆ, ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟು. ಹಿಡಿಯೊಳಗೆ ಸುರುಳಿ ಸುತ್ತಿಕೊಳ್ಳುವ ಹಗ್ಗವನ್ನು 1973ರಲ್ಲಿ ಮಾರುಕಟ್ಟೆಗೆ ತಂದ ಜರ್ಮನಿಯ ಮಾನ್‌ಫ್ರೆಡ್ ಬೊಗ್ಡಾನ್ ಜಾಣನೇ. ದರ್ಜಿಯ ಸುರುಳಿ ಟೇಪಿನಂಥ ಸ್ಪ್ರಿಂಗು, ಹೆಬ್ಬೆರಳಿಗೊಂದು ಬ್ರೇಕು. ಬಯಲಿಗೆ ಅದು ಚೆನ್ನ. ಸರಸ್ವತಿಪುರಂನ ಅಡ್ಡರಸ್ತೆಯಲ್ಲಿ ಐದು ಮೀಟರ್ ಎಂದರೆ ಎದುರು ಬದಿಯ ಸ್ಕೂಟರಿನ ಚಕ್ರ. ಆ ತೆಳು ದಾರ ಅಂಗೈಯಲ್ಲಿ ಓಡಿದರೆ ಚರ್ಮ ಸುಲಿಯುತ್ತದೆ. ನಮ್ಮ ಬೀದಿಗಳಿಗೆ ಒಂದೂವರೆ ಮೀಟರಿನ, ಅಗಲವಾದ ಹತ್ತಿ ಅಥವಾ ನೈಲಾನ್ ಪಟ್ಟಿ ಸಾಕು. ಕೊಕ್ಕೆಯನ್ನು ಮಾತ್ರ ನೋಡಿ ತನ್ನಿ, ಪಟ್ಟಿಗಿಂತ ಮೊದಲು ಸೋಲುವುದು ಅದೇ. ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳಬೇಡಿ. ಸ್ಕೂಟರಿನಲ್ಲಿ ಕೂತು ನಾಯಿಯನ್ನು ಓಡಿಸುತ್ತ ‘ವಾಕಿಂಗ್’ ಮಾಡಿಸುವವರಿಗೆ ಸರಿಹೊಂದುವ ಹಗ್ಗ ಯಾವ ಅಂಗಡಿಯಲ್ಲೂ ಇಲ್ಲ.

ಬೀದಿನಾಯಿಗಳ ಸರಹದ್ದು ದಾಟುವಾಗ ನಾವು ಭಯಕ್ಕೆ ಹಗ್ಗ ಬಿಗಿಹಿಡಿಯುತ್ತೇವೆ. ಆಗ ನಮ್ಮ ನಾಯಿಯ ತಲೆ ಎತ್ತರಕ್ಕೆ ಏರುತ್ತದೆ, ಎದೆ ಮುಂದೆ ಬರುತ್ತದೆ. ನಾಯಿಭಾಷೆಯಲ್ಲಿ ಅದು ‘ಬಾ, ನೋಡೇಬಿಡೋಣ’. ಸಡಿಲ ಬಿಟ್ಟರೆ ಅದು ಮೂತಿ ತಗ್ಗಿಸಿ, ಅರ್ಧ ಸುತ್ತು ಬಳಸಿ, ನೆಲ ಮೂಸಿ ಸೌಜನ್ಯ ತೋರಿಸಿ ಮುಂದೆ ಹೋಗಬಲ್ಲದು. ಬಿಗಿತಕ್ಕೆ ಎದುರು ಎಳೆಯುವುದು ಅದರ ಸ್ವಭಾವವೇ. ಜೊಲ್ಲಿನ ಪ್ರಯೋಗಗಳಿಂದ ಹೆಸರಾದ ರಷ್ಯಾದ ಪಾವ್ಲೋವ್, ಕಟ್ಟಿ ನಿಲ್ಲಿಸಿದರೆ ಒಪ್ಪದ ಒಂದು ನಾಯಿಯನ್ನು ಕಂಡು ಅದನ್ನು ಸ್ವಾತಂತ್ರ್ಯದ ಪ್ರತಿವರ್ತನೆ ಎಂದು ಕರೆದಿದ್ದ. ನಾಯಿಬಾಲ ಡೊಂಕು ಎಂದು ಬೈಯುತ್ತೇವಲ್ಲ, ಹಗ್ಗವೂ ನಡುವೆ ಡೊಂಕಾಗಿ ಜೋತಾಡುತ್ತಿದ್ದರೆ ಎರಡು ತುದಿಯವರೂ ನೆಮ್ಮದಿಯಾಗಿದ್ದಾರೆ ಎಂದರ್ಥ.

ಗೆಳೆಯರು ಈಗ ಅಗಲ ಮಾರ್ಟಿಂಗೇಲ್ ಒಂದನ್ನು, ಜೊತೆಗೆ ಎದೆಪಟ್ಟಿಯನ್ನೂ ಹಾಕಿ, ಎರಡಕ್ಕೂ ಕೊಕ್ಕೆ ಸಿಕ್ಕಿಸಿಯೇ ಗೇಟು ತೆರೆಯುತ್ತಾರೆ. ನೀವು ಇವತ್ತು ಸಂಜೆ ಮನೆಯೊಳಗೇ ಒಮ್ಮೆ ಪರೀಕ್ಷಿಸಿ. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು, ಮೂರು ಹೋಗಬಾರದು. ಆಮೇಲೆ ನಾಯಿಯ ಎದುರು ನಿಂತು ಹಗ್ಗವನ್ನು ನಿಮ್ಮತ್ತ ಮೆಲ್ಲಗೆ ಹಿಡಿಯಿರಿ, ಅದು ಹಿಂದೆ ಸರಿಯಲಿ. ಬೆಲ್ಟು ಕಿವಿ ದಾಟಿತೋ, ದಸರೆಯ ತಾಲೀಮಿಗೆ ಮೊದಲೇ ಬದಲಾಯಿಸಿ.