ನೆರಳಿನಲ್ಲಿ ಹುಟ್ಟಿ ಬಿಸಿಲಿಗೇರುವ ಮರಗಳು

ನಡುಹಗಲಿನಲ್ಲಿ ಆಗುಂಬೆಯ ರಸ್ತೆಯನ್ನು ಬಿಟ್ಟು ಅಡವಿಯೊಳಕ್ಕೆ ಹತ್ತು ಮಾರು ನಡೆದವರಿಗೆ ಹೊತ್ತು ಮುಳುಗಿತೋ ಎಂಬ ಭ್ರಾಂತಿಯುಂಟಾಗುವುದು ಸಹಜ. ಮರಗಳ ನೆತ್ತಿಯ ಮೇಲೆ ಬೀಳುವ ಬೆಳಕನ್ನು ೧೦೦ ಪಾಲೆಂದೆಣಿಸಿದರೆ, ಇಂತಹ ದಟ್ಟವಾದ ನಿತ್ಯಹರಿದ್ವರ್ಣದ ಕಾಡಿನಲ್ಲಿ ನೆಲವನ್ನು ಮುಟ್ಟುವುದು ಸಾಮಾನ್ಯವಾಗಿ ಒಂದೆರಡು ಪಾಲು ಮಾತ್ರ. ಅಲ್ಲಿನ ಅನೇಕ ಮಹಾವೃಕ್ಷಗಳು ಈ ಕತ್ತಲೆಯಲ್ಲಿಯೇ ಹುಟ್ಟಿ, ಕಡೆಗೆ ಉರಿಬಿಸಿಲಿಗೆ ತಲೆಯೊಡ್ಡತಕ್ಕವು. ಒಂದೇ ಜನ್ಮದಲ್ಲಿ ಈ ಎರಡು ಲೋಕಗಳನ್ನೂ ಅವು ತಾಳಿಕೊಳ್ಳುವ ಬಗೆ ಹೇಗೆ?

ಪಶ್ಚಿಮ ಘಟ್ಟದ ಧೂಪದ ಮರವನ್ನೇ ನೋಡೋಣ. ೧೦೦ ಅಡಿಗಳನ್ನೂ ಮೀರಿ ಬೆಳೆಯಬಲ್ಲ ಈ ಮರದ ಬೀಜವು ಬಹುಕಾಲ ಜೀವ ಹಿಡಿದಿರಲಾರದು. ಮಳೆಗಾಲದಲ್ಲಿ ಉದುರಿ ಬೇಗನೆ ಮೊಳೆಯುತ್ತದೆ. ಆದುದರಿಂದ ಬೆಳಕಿಗಾಗಿ ಕಾಯುವ ಕೆಲಸವು ಸಸಿಯ ಪಾಲಿನದು. ನೆರಳಿನ ಎಲೆಗಳು ತೆಳ್ಳಗಿದ್ದು ಅಗಲವಾಗಿ ಹರಡಿರುತ್ತವೆ. ಅವುಗಳ ಸಂಪಾದನೆಯೂ ಕಡಿಮೆ, ವೆಚ್ಚವೂ ಕಡಿಮೆ. ಗಾಳಿಗೆ ಮೇಲಿನ ಕೊಂಬೆಗಳು ಸರಿದಾಗ ಬೀಳುವ ಬಿಸಿಲುಕೋಲು ಕೆಲವು ಕ್ಷಣಗಳಲ್ಲಿ ಮಾಯವಾಗುವುದಾದರೂ, ಅಷ್ಟರೊಳಗೆ ದೊರೆತುದನ್ನು ಸಸಿಯು ಬಳಸಿಕೊಳ್ಳುತ್ತದೆ. ಹೀಗೆ ಮಿತವ್ಯಯದಿಂದ ಅದು ವರ್ಷಗಟ್ಟಲೆ ಕಾದಿರುತ್ತದೆ.

ಒಂದು ದಿನ ಪಕ್ಕದ ಹಳೆಯ ಮರವು ಉರುಳಿ, ಕಾಡಿನ ಮಾಡಿನಲ್ಲಿ ಕಂಡಿ ಬೀಳುತ್ತದೆ. ಇದು ಭಾಗ್ಯವೆಂದು ನಾವು ತಿಳಿಯುವುದುಂಟು. ಆದರೆ ಮೊದಲು ಬರುವುದು ಅಪಾಯವೇ. ಆಹಾರವನ್ನು ಸಿದ್ಧಪಡಿಸಲು ಬೇಕಾದುದಕ್ಕಿಂತ ಹೆಚ್ಚಿನ ಬೆಳಕು ಬಿದ್ದರೆ ಎಲೆಯ ಯಂತ್ರವೇ ಕೆಡುತ್ತದೆ. ಆಗ ಜೀವಕೋಶಗಳೊಳಗಿನ ಹಸುರು ಕಣಗಳು, ಬಿಸಿಲಿಗಂಜಿದ ದಾರಿಗರು ಗೋಡೆಯ ಮಗ್ಗುಲಿಗೆ ಸರಿಯುವಂತೆ, ಪಕ್ಕದ ಗೋಡೆಗಳಿಗೆ ಸರಿದು ನಿಲ್ಲುತ್ತವೆ. ಎಲೆಯೊಳಗಿನ ಒಂದು ಹಳದಿ ಬಣ್ಣದ ವಸ್ತುವು ಕೆಲವೇ ನಿಮಿಷಗಳಲ್ಲಿ ರೂಪ ಬದಲಿಸಿ, ಮಿಕ್ಕ ಬೆಳಕನ್ನು ಶಾಖವಾಗಿ ಹೊರಹಾಕಲು ನೆರವಾಗುತ್ತದೆ. ಆದರೂ ಬಲಿತ ಎಲೆಯು ತನ್ನ ಕಟ್ಟಡವನ್ನು ಬಹುಮಟ್ಟಿಗೆ ಬದಲಿಸಲಾರದು. ಸುಟ್ಟ ಎಲೆಗಳನ್ನು ಉದುರಿಸಿ, ದಪ್ಪನೆಯ ಹೊಸ ಎಲೆಗಳನ್ನು ತಳೆಯುವವರೆಗೆ ಸಸಿಯು ಬದುಕಿರಬೇಕು. ಬಿಸಿಲಿಗೆ ಹೊಂದಿಕೊಳ್ಳಲು ಬಿಡುವು ಬೇಕೆಂಬುದೇ ಇದರ ತಾತ್ಪರ್ಯ.

ಉಪ್ಪಳಿಗೆಯ ರೀತಿಯೇ ಬೇರೆ. ಅದು ಬಯಲಿನ ಬೆಳಕನ್ನೇ ಬಯಸುವ ಮರ. ಕಂಡಿ ಬಿದ್ದೆಡೆ ಮೊಳೆತು ತ್ವರೆಯಾಗಿ ಬೆಳೆಯುತ್ತದೆ, ದಟ್ಟನೆರಳಿನಲ್ಲಿ ಉಳಿಯಲಾರದು. ಅದರ ತಣ್ಣೆಳಲು ಹಿಂದೆ ಬರುವ ನೆರಳಿನ ಸಸಿಗಳಿಗೆ ಚಪ್ಪರವಾಗುತ್ತದೆ.

ಇದರಿಂದ ನಾವು ಕಲಿಯಬೇಕಾದುದು ಉಂಟು. ಒಂದು ಮರ ಬಿದ್ದ ಕಂಡಿಯನ್ನು ಕಾಡು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಗುಡ್ಡವನ್ನೇ ಬೋಳಿಸಿ, ಆ ಬಯಲಿನಲ್ಲಿ ಧೂಪದ ಎಳೆಯ ಸಸಿಗಳನ್ನು ನಟ್ಟು, ಕಾಡನ್ನು ಹಿಂದಿರುಗಿಸಿದೆವೆಂದು ಹಿಗ್ಗುವುದು ವ್ಯರ್ಥ. ಬಿಸಿಲೂ ನೆಲದ ಒಣಗೂ ಸೇರಿ ಅವುಗಳಲ್ಲಿ ಬಹಳವನ್ನು ಕೊಲ್ಲುತ್ತವೆ. ಮೊದಲು ನೆರಳು, ಆಮೇಲೆ ಅವು.

ಮನೆಯ ಹಿತ್ತಲಿಗೂ ಈ ನೀತಿ ಸಲ್ಲುತ್ತದೆ. ಚಪ್ಪರದ ಕೆಳಗೆ ಬೆಳೆಸಿದ ಗಿಡವನ್ನು ಕೊಂಡುತಂದ ದಿನವೇ ಅಂಗಳದ ನಡುವೆ ನಿಲ್ಲಿಸಬಾರದು. ಮೊದಲು ಬೆಳಗಿನ ಎಳೆಬಿಸಿಲು, ಅನಂತರ ದಿನೇ ದಿನೇ ಸ್ವಲ್ಪ ಹೆಚ್ಚು. ಹೊಸ ಚಿಗುರು ಬಲಿತ ಮೇಲೆ ಪೂರ್ಣ ಬಿಸಿಲು. ಆ ಎರಡು ಮೂರು ವಾರಗಳ ತಾಳ್ಮೆಯೇ ಗಿಡಕ್ಕೆ ನಾವು ಎರೆಯುವ ಮೊದಲ ನೀರು.