ಹಳೇ ಜೀಪು ಸಾಕೋ, ಹೊಸ ಗಾಡಿ ಬೇಕೋ?

ಹಿಂದಿನ ವಾರ ಗೊಬ್ಬರ ಎತ್ತಲು ಸಂಘಕ್ಕೆ ಬಂದಿದ್ದ ಹೆತ್ತೂರು ಕಡೆಯ ಸದಸ್ಯರೊಬ್ಬರು, ಮೂಟೆ ಏರಿಸುವ ಕೆಲಸವನ್ನು ಹುಡುಗರಿಗೆ ಬಿಟ್ಟು ನನ್ನ ಪಕ್ಕದ ಬೆಂಚಿನಲ್ಲಿ ಬಂದು ಕುಳಿತರು. "ಅಣ್ಣಾ, ಈ ಜೀಪಿನ ಕಾಟ ಸಾಕಾಗಿದೆ. ಮಳೆ ಹಿಡಿದ ಮೇಲೆ ಮೂರು ಸಲ ಗ್ಯಾರೇಜು ಕಂಡಿತು. ಇದನ್ನು ಕೊಟ್ಟುಬಿಡೋಣ, ಹೊಸದು ಬುಕ್ ಮಾಡೋಣ ಅಂತಾನೆ ಮಗ. ಮನೆಯವಳು ಬೇಡ ಅಂತಾಳೆ. ನೀವೇನಂತೀರಿ?" ಎಂದು ಕೇಳಿದರು. ಅಷ್ಟರಲ್ಲಿ ಲಾರಿ ಬಂತು, ಮಾತು ಅಲ್ಲಿಗೇ ನಿಂತಿತು. ಅವರಿಗೆ ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಫಿಗೆ ಬೆಲೆ ಬಂದ ಮೇಲೆ ಇದೇ ಪ್ರಶ್ನೆಯನ್ನು ಬೇರೆಯವರ ಬಾಯಲ್ಲೂ ಕೇಳಿದ್ದೇನಾದ್ದರಿಂದ ಉಳಿದವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ನನ್ನದೇ ಕಥೆ. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ ಅವ್ವನಿಗೆ ಎದೆನೋವು ಕಾಣಿಸಿಕೊಂಡಿತು. ಕರೆಂಟಿಲ್ಲ, ಮಳೆ ಬಿಡುವಂತಿಲ್ಲ. ಪಕ್ಕದ ತೋಟದಲ್ಲಿ ಆನೆ ಗುಂಪು ಇಳಿದಿದೆ ಎಂದು ಸಂಜೆಯೇ ಸುದ್ದಿ ಬಂದಿತ್ತು. ಜೀಪಿನ ಕೀಲಿ ತಿರುಗಿಸಿದರೆ 'ಟಕ್' ಎಂಬ ಒಂದು ಸದ್ದು, ಅಷ್ಟೆ. ಮನೆ ಮುಂದಿನ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದಿತ್ತು. ಆದರೆ ಕೆಳಗೆ ಹೋಗಿ ಅಲ್ಲಿಯೂ ಸ್ಟಾರ್ಟ್ ಆಗದಿದ್ದರೆ ಆ ಕತ್ತಲಲ್ಲಿ, ಆನೆ ಓಡಾಡುವ ದಾರಿಯಲ್ಲಿ, ಅವ್ವನನ್ನು ಕೂರಿಸಿಕೊಂಡು ಏನು ಮಾಡುವುದು? ಕಡೆಗೆ ಮೇಲಿನ ಮನೆಯವರು ಪಿಕಪ್ ತಂದರು. ಸಕಲೇಶಪುರದಲ್ಲಿ ತೋರಿಸಿ, ಅಲ್ಲಿಂದ 40 ಕಿಲೋಮೀಟರ್ ಹಾಸನಕ್ಕೆ ಕರೆದುಕೊಂಡು ಹೋದೆವು. ಅವ್ವ ಉಳಿದಳು. ಆ ರಾತ್ರಿ ಮೂರು ಗಂಟೆಗೆ ಆಸ್ಪತ್ರೆಯ ಜಗಲಿಯಲ್ಲಿ ಕುಳಿತು, ಬೆಳಗಾದ ಕೂಡಲೇ ಹೋಗಿ ಹೊಸ ಗಾಡಿ ಬುಕ್ ಮಾಡುತ್ತೇನೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಬುಕ್ ಮಾಡಲಿಲ್ಲ, ಏಕೆಂದರೆ ಮಾರನೆಯ ದಿನ ಮೆಕ್ಯಾನಿಕ್ ಬಂದು ಹತ್ತೇ ನಿಮಿಷದಲ್ಲಿ ಜೀಪು ಸ್ಟಾರ್ಟ್ ಮಾಡಿದ. ಬ್ಯಾಟರಿಯಿಂದ ಎಂಜಿನ್ನಿಗೂ ಬಾಡಿಗೂ ಬರುವ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದು ಸಡಿಲವಾಗಿತ್ತು. ಒಂದು ಚೂರು ಉಪ್ಪುಕಾಗದ, ಒಂದು ಹೊಸ ಬೋಲ್ಟು. ಒಂದು ತಿಂಗಳಿಂದ ಬೆಳಗಿನ ಹೊತ್ತು ಅದು ತಡಬಡಿಸುತ್ತಿದ್ದುದನ್ನು ನೋಡಿಯೂ ನಾನು ಸುಮ್ಮನಿದ್ದೆ. ತಪ್ಪು ಜೀಪಿನದಲ್ಲ, ನನ್ನದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಂದಿದ್ದು ಹೇಗೂ ಬಂದಾಯಿತೆಂದು ಜೀಪನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಮೆಕ್ಯಾನಿಕ್ ಕೆಳಗಿಳಿದ. ಸಣ್ಣ ಸುತ್ತಿಗೆಯಿಂದ ಛಾಸಿಯನ್ನು ತಟ್ಟುತ್ತಾ ಹೋದ. ಎಲ್ಲ ಕಡೆ 'ಠಣ್' ಎನ್ನುತ್ತಿದ್ದ ಕಬ್ಬಿಣ, ಹಿಂದಿನ ಎಡಗಡೆ ಸ್ಪ್ರಿಂಗ್ ಪಟ್ಟಿ ಕೂರುವ ಬ್ರಾಕೆಟ್ ಹತ್ತಿರ 'ಡಬ್' ಎಂದಿತು. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಕ್ಕೇ ಇಳಿಯಿತು. "ಗೌಡ್ರೇ, ಇದು ನಿಮಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ ಅಲ್ವಾ? ಕೊಡೋ ದಿನ ಒಂದೇ ಸಲ ಕೊಡುತ್ತೆ" ಎಂದ.

ಹೆತ್ತೂರಿನ ಸದಸ್ಯರಿಗೆ ನಾನು ಹೇಳಬೇಕಾಗಿದ್ದುದು ಇಷ್ಟೆ. ದಿನಾ ಕಾಟ ಕೊಡುವ ದೋಷಗಳು ಸಾಮಾನ್ಯವಾಗಿ ಅಗ್ಗದವು. ಗಾಡಿಯನ್ನು ಬಿಡಬೇಕೋ ಇಟ್ಟುಕೊಳ್ಳಬೇಕೋ ಎಂಬುದನ್ನು ತೀರ್ಮಾನಿಸುವ ದೋಷ ಸದ್ದಿಲ್ಲದೆ ಕೂತಿರುತ್ತದೆ. ಬ್ಯಾಟರಿ, ಸೆಲ್ಫ್ ಮೋಟರು, ಕ್ಲಚ್ ಪ್ಲೇಟು, ರೇಡಿಯೇಟರ್ ಪೈಪು, ಡೀಸೆಲ್ ಪಂಪು, ಇವೆಲ್ಲ ಬಿಚ್ಚಿ ಹಾಕುವ ವಸ್ತುಗಳು. ಎಂಜಿನ್ ಕೂಡ ಹಾಗೆಯೇ: ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದರೆ ಇನ್ನಷ್ಟು ವರ್ಷ ಓಡುತ್ತದೆ. ಬಾಡಿ ಮತ್ತು ಛಾಸಿಯ ಮಾತು ಹಾಗಲ್ಲ. ಕೊಳೆತ ಕಡೆ ತುಂಡು ಹಾಕಿ ವೆಲ್ಡಿಂಗ್ ಮಾಡಿದರೆ ಅದರ ಪಕ್ಕದ ತೆಳುವಾದ ಕಬ್ಬಿಣ ಮುಂದಿನ ಮಳೆಗಾಲಕ್ಕೆ ಹೋಗುತ್ತದೆ.

ನಮ್ಮ ಕಡೆ ಈ ತುಕ್ಕು ಯಾಕೆ ಇಷ್ಟು ಬೇಗ ತಿನ್ನುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಳೆಯೊಂದೇ ಕಾರಣವಲ್ಲ. ಪೊಟ್ಯಾಷ್ ಮೂಟೆಯನ್ನು ಜೀಪಿನ ಹಿಂದೆ ಹಾಕಿಕೊಂಡು ಬರುತ್ತೇವೆ. ಆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಒಂದು ಕ್ಲೋರೈಡ್ ಉಪ್ಪು. ನಾಲ್ಕು ಕಾಳು ತಳದ ಸಂದಿಗೆ ಬಿದ್ದು, ತೇವ ಹೀರಿಕೊಂಡು ಕೂತರೆ ಸಮುದ್ರದ ನೀರು ಕಬ್ಬಿಣಕ್ಕೆ ಮಾಡುವುದನ್ನೇ ಮಾಡುತ್ತದೆ. ಬೋರ್ಡೋ ಕಾಲದಲ್ಲಿ ಮೈಲುತುತ್ತದ ದ್ರಾವಣ ಚೆಲ್ಲಿದರೆ ಇನ್ನೂ ಕೆಟ್ಟದ್ದು. ಅದಕ್ಕೇ ಹಿರಿಯರು ಆ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಲು ಬಿಡುತ್ತಿರಲಿಲ್ಲ. ಪಾತ್ರೆಗೆ ತೋರಿಸುವ ಎಚ್ಚರಿಕೆಯನ್ನು ಜೀಪಿಗೆ ತೋರಿಸುವುದು ಮಾತ್ರ ಮರೆಯುತ್ತೇವೆ. ಇನ್ನು ತೋಟದ ಕೆಸರು ಛಾಸಿಯ ಮೂಲೆಗಳಲ್ಲಿ ಮೆತ್ತಿಕೊಂಡು ದೀಪಾವಳಿಯವರೆಗೂ ಒಣಗುವುದಿಲ್ಲ. ಮೇಲ್ಭಾಗ ತೊಳೆದು ಹೊಳೆಯಿಸುವ ನಾವು ಕೆಳಗೆ ಪೈಪು ಹಿಡಿಯುವುದು ಅಪರೂಪ. ಗೊಬ್ಬರ ಹೇರಿದ ದಿನ ತಳ ತೊಳೆದು, ಮಳೆ ನಿಂತ ಮೇಲೆ ಒಂದು ಸಲ ಅಡಿಭಾಗಕ್ಕೆ ತುಕ್ಕುನಿರೋಧಕ ಬಳಿಸಿದರೆ ಜೀಪಿನ ಆಯುಸ್ಸು ಎಷ್ಟೋ ಹೆಚ್ಚುತ್ತದೆ. ನಾನಿದನ್ನು ಕಲಿಯುವ ಹೊತ್ತಿಗೆ ನನ್ನ ಜೀಪಿಗೆ ತಡವಾಗಿತ್ತು.

ಗುಂಡಿಗಿಳಿದಾಗ ಬ್ರೇಕನ್ನೂ ನೋಡಿಸಿರಿ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹಳೆಯ ಎಣ್ಣೆಯಲ್ಲಿ ಶಿರಾಡಿ ಅಥವಾ ಬಿಸಿಲೆ ಘಾಟಿ ಇಳಿಯುವಾಗ ಬ್ರೇಕು ಕಾದು, ಒಳಗಿನ ನೀರು ಆವಿಯಾಗಿ, ಪೆಡಲು ನೆಲಕ್ಕೆ ಹೋಗಬಹುದು. ಹೊಗೆಯ ಬಣ್ಣವೂ ಕೆಲವು ಮಾತು ಹೇಳುತ್ತದೆ. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಕಪ್ಪಾದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ಬಂದು ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು.

ಕಾಗದಪತ್ರದ ವಿಷಯದಲ್ಲಿ ಒಂದು ಗಾಳಿಸುದ್ದಿ ಓಡಾಡುತ್ತಿದೆ: 15 ವರ್ಷವಾದ ಗಾಡಿಯನ್ನು ಸರ್ಕಾರ ಗುಜರಿಗೆ ಹಾಕಿಸುತ್ತದೆ ಎಂದು. ದೆಹಲಿ ಸುತ್ತಮುತ್ತಲಿನ ನಿರ್ಬಂಧದ ಮಾತು ನಮ್ಮ ಊರಿಗೆ ಬಂದು ಹೀಗಾಗಿದೆ. ನಮ್ಮಲ್ಲಿ ಖಾಸಗಿ ಗಾಡಿಗೆ 15 ವರ್ಷ ತುಂಬಿದಾಗ ಸಾರಿಗೆ ಕಚೇರಿಯಲ್ಲಿ ತಪಾಸಣೆಯಾಗಿ ನೋಂದಣಿ ನವೀಕರಿಸಬೇಕು, ಆ ಮೇಲೆ 5 ವರ್ಷಕ್ಕೊಮ್ಮೆ. ಖರ್ಚು ಮಾತ್ರ ಹೆಚ್ಚಾಗಿದೆ. 600 ರೂಪಾಯಿ ಇದ್ದ ಕಾರು, ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಛಾಸಿ ಗಟ್ಟಿಯಾಗಿದ್ದರೆ ಇದು ಗಾಡಿ ಮಾರುವಷ್ಟು ದೊಡ್ಡ ಮೊತ್ತವಲ್ಲ.

ಇನ್ನು ಹಣದ ಮಾತು. ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ನಮ್ಮ ಹಿರಿಯರಿಗೆ ದುಡ್ಡು ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಬರುತ್ತಿತ್ತು. ಆಗ ಕಾರು ಬೇಕೆಂದರೂ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ರಿಪೇರಿ ಮಾಡಿಕೊಂಡು ಓಡಿಸುವುದೇ ದಾರಿ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿತು, ಅದೇ ವೇಳೆಗೆ ಮಾರಾಟವೂ ಮುಕ್ತವಾಗುತ್ತಾ ಬಂದು 1996ಕ್ಕೆ ಪೂರ್ತಿಯಾಯಿತು. ಕೈಗೆ ಒಟ್ಟಿಗೆ ದುಡ್ಡು ಬಂತು, ಶೆಡ್ಡಿಗೆ ಹೊಸ ಗಾಡಿಗಳೂ ಬಂದವು. ಆಮೇಲೆ 2001ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಆ ದಿನಗಳಲ್ಲಿ ಗಾಡಿಯ ಸಾಲ ಕಟ್ಟಲಾಗದೆ ಒದ್ದಾಡಿದ್ದನ್ನು ನೆನೆಯುವವರು ಇದನ್ನು ಓದುತ್ತಿರಬಹುದು. 2025ರ ಫೆಬ್ರುವರಿಯಲ್ಲಿ ಅದೇ ಪೇಟೆಯಲ್ಲಿ ಪೌಂಡಿಗೆ 4 ಡಾಲರ್ ದಾಟಿ, 1977ರ ದಾಖಲೆಯನ್ನೂ ಹಿಂದೆ ಹಾಕಿತು. ಬೆಲೆ ಬಂದಾಗ ಹೊಸ ಗಾಡಿ ಬೇಡವೆಂದು ನಾನು ಹೇಳುವುದಿಲ್ಲ. ಕೈಗೆ ಬಂದ ಫಸಲಿನ ಹಣದಲ್ಲಿ ಕೊಳ್ಳಿರಿ, ಬರಲಿರುವ ಫಸಲನ್ನು ನಂಬಿ ಕೊಳ್ಳಬೇಡಿ.

ಒಂದು ಲೆಕ್ಕ ಹಾಕಿ ನೋಡೋಣ. ಗಾಡಿಯ ಬೆಲೆ 10 ಲಕ್ಷ ಎಂದಿಟ್ಟುಕೊಳ್ಳಿ. ಅದರಲ್ಲಿ 7 ಲಕ್ಷ ಸಾಲ, ಬಡ್ಡಿ ಶೇಕಡಾ 9, ಅವಧಿ 5 ವರ್ಷ. ತಿಂಗಳ ಕಂತು ಸುಮಾರು 14,530 ರೂಪಾಯಿ, ಒಟ್ಟು ಬಡ್ಡಿ 1 ಲಕ್ಷ 72 ಸಾವಿರದ ಹತ್ತಿರ. ವಿಮೆಯವರು ಗಾಡಿಯ ಮೌಲ್ಯ ಕಟ್ಟುವ ಪಟ್ಟಿಯ ಪ್ರಕಾರ ಐದನೆಯ ವರ್ಷಕ್ಕೆ ಬೆಲೆ ಅರ್ಧಕ್ಕೆ ಇಳಿದಿರುತ್ತದೆ, ಅಂದರೆ 5 ಲಕ್ಷ ಕರಗಿತು. ಎರಡೂ ಸೇರಿ ವರ್ಷಕ್ಕೆ 1 ಲಕ್ಷ 34 ಸಾವಿರ, ಡೀಸೆಲ್ ಹಾಕುವುದಕ್ಕೆ ಮೊದಲೇ. ನಿಮ್ಮ ಹಳೇ ಜೀಪಿನ ವರ್ಷದ ಗ್ಯಾರೇಜು ಬಿಲ್ಲುಗಳನ್ನೆಲ್ಲ ಕೂಡಿ ಇದರ ಪಕ್ಕ ಇಟ್ಟು ನೋಡಿರಿ. 'ರಿಪೇರಿಗೇ ದುಡ್ಡೆಲ್ಲ ಹೋಯಿತು' ಎನ್ನುವವರ ಬಿಲ್ಲು ಇದರ ಅರ್ಧವನ್ನೂ ಮುಟ್ಟದಿರುವುದೇ ಹೆಚ್ಚು.

ಇನ್ನೊಂದು ತೊಡಕಿದೆ. ಕಂತು ತಿಂಗಳು ತಿಂಗಳು ಬರುತ್ತದೆ, ನಮ್ಮ ಆದಾಯ ಹಾಗೆ ಬರುವುದಿಲ್ಲ. ಅಡಿಕೆ, ಕಾಫಿ ಎರಡೂ ಇದ್ದವರಿಗೂ ಹಣ ಕಾಣುವುದು ಕೊಯ್ಲಿನ ನಂತರದ ಕೆಲವು ತಿಂಗಳು. ಜೂನ್, ಜುಲೈ, ಆಗಸ್ಟಿನಲ್ಲಿ ಗೊಬ್ಬರ, ಔಷಧಿ, ಮಕ್ಕಳ ಫೀಜು, ಆಳುಗಳ ಬಟವಾಡೆಯ ಜೊತೆ ಈ ಕಂತೂ ನಿಲ್ಲುತ್ತದೆ. ಸಾಲ ಮಾಡಲೇಬೇಕೆಂದಿದ್ದರೆ ವರ್ಷಕ್ಕೋ ಆರು ತಿಂಗಳಿಗೋ ಕಂತು ಇಟ್ಟುಕೊಡುವಿರಾ ಎಂದು ಬ್ಯಾಂಕಿನಲ್ಲಿ ಸಹಿ ಹಾಕುವ ಮೊದಲೇ ಕೇಳಿರಿ.

ಹೊಸದೇ ಬೇಕೆಂದು ತೀರ್ಮಾನವಾದರೆ, ನಮ್ಮ ದಾರಿಗೆ ಯಾವುದು ಹೊಂದೀತು? 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಕಟ್ಟಿಕೊಂಡ ಮಸಿ ಸುಮಾರು 600 ಡಿಗ್ರಿ ಶಾಖದಲ್ಲಿ ಉರಿದುಹೋಗಬೇಕು. ಅದಕ್ಕೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಡೈರಿಗೆ, ಮೊದಲನೇ ಗೇರಿನಲ್ಲೇ ಎರಡೆರಡು ಕಿಲೋಮೀಟರ್ ಓಡಿಸುವವರ ಗಾಡಿಯಲ್ಲಿ ಆ ಜರಡಿ ಕಟ್ಟಿಕೊಂಡು ಎಚ್ಚರಿಕೆ ದೀಪ ಹತ್ತುತ್ತದೆ. ಅಂಥವರು ವಾರಕ್ಕೊಮ್ಮೆ ಹಾಸನಕ್ಕೆ ಹೋಗಿ ಬರುವವರಾದರೆ ಸರಿ. ಇಲ್ಲವಾದರೆ ಪೆಟ್ರೋಲ್ ಗಾಡಿಯೇ ಲೇಸು. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಇರುವುದರಿಂದ, 2023ಕ್ಕೆ ಹಿಂದಿನ ಹಳೆಯ ಗಾಡಿ ಕೊಳ್ಳುವವರು ಅದರ ರಬ್ಬರ್ ಪೈಪುಗಳನ್ನು ನೋಡಿಸಿಕೊಳ್ಳಬೇಕು. ತೆರಿಗೆಯಲ್ಲೂ ವ್ಯತ್ಯಾಸವಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ನಿನ ಕಾರಿಗೂ ಪಿಕಪ್‌ನಂಥ ಸರಕಿನ ಗಾಡಿಗೂ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿಯಿತು. ದೊಡ್ಡ ಗಾಡಿಗಳದ್ದು ಶೇಕಡಾ 40. ಮದುವೆ ಮನೆಯ ಮುಂದೆ ನಿಲ್ಲಿಸಲು ದೊಡ್ಡದು ಚೆಂದ, ಒಪ್ಪಿದೆ.

ಮೂರನೆಯ ದಾರಿಯೊಂದಿದೆ: ನಾಲ್ಕೈದು ವರ್ಷ ಓಡಿದ ಗಾಡಿ. ಬೆಲೆ ಕರಗುವ ನಷ್ಟವನ್ನು ಮೊದಲಿನವರೇ ಅನುಭವಿಸಿ ಕೊಟ್ಟಿರುತ್ತಾರೆ. ಆದರೆ ಕಾರ್ಪೆಟ್ ಎತ್ತಿ ಮೂಸಿ ನೋಡದೆ ಮುಂಗಡ ಕೊಡಬೇಡಿ. ನೆರೆ ನೀರಿನಲ್ಲಿ ಮುಳುಗಿದ ಗಾಡಿಯ ಕೆಸರು ವಾಸನೆ ಎಷ್ಟು ಅತ್ತರು ಹಾಕಿದರೂ ಸೀಟಿನ ಕೆಳಗೆ ಉಳಿದಿರುತ್ತದೆ, ವೈರಿಂಗ್ ಮುಂದೆ ಒಂದೊಂದಾಗಿ ಕೈಕೊಡುತ್ತದೆ. ಹಿಂದಿನವರ ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಫಾರಂ 29, 30, 35 ಕೈಗೆ ಬಂದ ಮೇಲೆ ಪೂರ್ತಿ ಹಣ ಕೊಡಿ.

ನಾನು ಈ ಮೂರನೆಯ ದಾರಿಯನ್ನೇ ಹಿಡಿದೆ. ಜೀಪಿನ ಛಾಸಿ ಗುಜರಿಗೆ ಹೋಯಿತು, ನೋಂದಣಿಯನ್ನು ರದ್ದು ಮಾಡಿಸಿದೆ. ಎಂಜಿನ್ ಚೆನ್ನಾಗಿತ್ತು, ಬೆಳಗೋಡು ಕಡೆಯವರೊಬ್ಬರು ಕೊಂಡುಹೋದರು. ನಾಲ್ಕು ವರ್ಷದ ಒಂದು ಪೆಟ್ರೋಲ್ ಕಾರು ತಂದೆ. ಮೂಟೆ ಸಾಗಿಸಲು ಊರಿನ ಪಿಕಪ್ಪನ್ನೇ ಬಾಡಿಗೆಗೆ ಕರೆಯುತ್ತೇನೆ. ಮಳೆಗಾಲದಲ್ಲಿ ಮೇಲಿನ ತೋಟಕ್ಕೆ ಈ ಕಾರು ಹತ್ತುವುದಿಲ್ಲ, ನಡೆದೇ ಹೋಗಬೇಕು. ಅದನ್ನು ಮುಚ್ಚಿಡುವುದಿಲ್ಲ. ಕಾರು ನಿಲ್ಲಿಸಿದ ಕಡೆ ಇಲಿ ವೈರು ಕಡಿಯುತ್ತದೆಂದು ರಾತ್ರಿ ಬಾನೆಟ್ ತೆಗೆದಿಡುವ ಅಭ್ಯಾಸವೂ ಆಗಿದೆ.

ಹೆತ್ತೂರಿನ ಸದಸ್ಯರು ಇದನ್ನು ಓದಿದರೆ, ಮಗನ ಮಾತಿಗೂ ಮನೆಯವರ ಮಾತಿಗೂ ಉತ್ತರ ಕೊಡುವ ಮೊದಲು ಜೀಪನ್ನು ಚೆನ್ನಾಗಿ ತೊಳೆಸಿ, ಕೊಯ್ಲು ಶುರುವಾಗುವುದರೊಳಗೆ ಒಂದು ಸಂತೆಯ ದಿನ ಸಕಲೇಶಪುರಕ್ಕೆ ತರಲಿ. ಗುಂಡಿಯ ಮೇಲೆ ನಿಲ್ಲಿಸಿ ನೋಡೋಣ. ನಾನೂ ಬರುತ್ತೇನೆ, ಸುತ್ತಿಗೆ ನನ್ನ ಹತ್ತಿರ ಇದೆ.