ಆ ಮಗುವನ್ನು ಕೊಂದದ್ದು ಸರಿಯೇ?

'ಏಲಿಯನ್ 3' ಅಂತ ಬಾಯಿ ಬಿಟ್ಟರೆ ಸಾಕು, ನಮ್ಮ ಮನೆಯಲ್ಲಿ ಈಗಲೂ ಜಗಳ! 1992ರ ಈ ಚಿತ್ರದ ಹೆಸರೆತ್ತಿದರೇ ನನ್ನ ತಮ್ಮನಿಗೆ ಮೈಯೆಲ್ಲಾ ಉರಿ. ಅವನ ಸಿಟ್ಟಿಗೂ ಕಾರಣವಿದೆ ಸ್ವಾಮಿ. 1986ರ 'ಏಲಿಯನ್ಸ್'ನಲ್ಲಿ ನಾಯಕಿ ರಿಪ್ಲೆ ಪ್ರಾಣ ಒತ್ತೆಯಿಟ್ಟು ಪುಟ್ಟ ಹುಡುಗಿ ನ್ಯೂಟ್‌ಳನ್ನು ಆ ಭೀಕರ ಜಂತುಗಳಿಂದ ಬಿಡಿಸಿ ತಂದಿದ್ದಳು. ಮುಂದಿನ ಚಿತ್ರ ಶುರುವಾದ ಕೆಲವೇ ನಿಮಿಷಕ್ಕೆ ಆ ಮಗು ಹೆಣ! ಜೊತೆಗಿದ್ದ ಸಿಪಾಯಿ ಹಿಕ್ಸ್ ಕೂಡ ಖಲಾಸ್. "ಹಾಗಾದ್ರೆ ಅಷ್ಟೆಲ್ಲ ಹೋರಾಡಿದ್ದು ಯಾತಕ್ಕೆ?" ಅಂತಾನೆ ತಮ್ಮ.

ನನಗೋ, ಚಿತ್ರ ಹಿಡಿಸಿದ್ದೇ ಅಲ್ಲಿಂದಾಚೆ. ಖೈದಿಗಳ ಗ್ರಹ, ತುಕ್ಕು ಹಿಡಿದ ಕಬ್ಬಿಣ, ಕೈಯಲ್ಲಿ ಒಂದು ಬಂದೂಕೂ ಇಲ್ಲ. ತಲೆ ಬೋಳಿಸಿಕೊಂಡ ಸಿಗೂರ್ನಿ ವೀವರ್! ತನ್ನ ಒಡಲಲ್ಲೇ ಆ ಜಂತುವಿನ ಪಿಂಡವಿದೆ ಅಂತ ತಿಳಿದು ಆಕೆ ಕುಲುಮೆಗೆ ಹಾರಿದಾಗ ನನಗೆ ಸೀಟಿನಿಂದ ಏಳಲಾಗಲಿಲ್ಲ.

ಕಥೆ ಪೂರ್ತಿ ಸಿದ್ಧವಾಗುವ ಮೊದಲೇ ಶೂಟಿಂಗ್ ಶುರುವಾಗಿತ್ತು. ನಿರ್ದೇಶಕ ಡೇವಿಡ್ ಫಿಂಚರ್‌ಗೆ ಇದು ಚೊಚ್ಚಲ ಚಿತ್ರ. ನಿರ್ಮಾಪಕರೊಡನೆ ಗುದ್ದಾಡಿ ಬೇಸತ್ತ ಆತ, ಆಮೇಲೆ ಇದು ತನ್ನ ಚಿತ್ರವೇ ಅಲ್ಲ ಅಂದುಬಿಟ್ಟ. 2003ರಲ್ಲಿ ಸುಮಾರು ಅರ್ಧ ಗಂಟೆ ಹೆಚ್ಚಿನ ಆವೃತ್ತಿ ಬಂತು. ಅದಕ್ಕೂ ಆತ ಕೈ ಹಾಕಲಿಲ್ಲ.

ಅದರಲ್ಲಿ ಖೈದಿಗಳ ಪಾತ್ರಗಳು ಚೆನ್ನಾಗಿ ಬೆಳೆದಿವೆ. ತಮ್ಮನನ್ನು ಬಲವಂತವಾಗಿ ಕೂರಿಸಿ ತೋರಿಸಿದೆ. ಕಡೇತನಕ ನೋಡಿದ. ಎದ್ದು ನಿಂತು, "ಇದರಲ್ಲೂ ಮಗು ಸಾಯುತ್ತಲ್ಲಣ್ಣಾ!" ಅಂದ.